ಅನಧ್ಯಯನವೂ ಅಧ್ಯಾಪಕನ ಧರ್ಮ

ಅಧ್ಯಾಪಕರ ಬೀಳ್ಕೊಡುಗೆಯ ಸಮಾರಂಭಗಳಲ್ಲಿ ಓದುವ ಅಭಿನಂದನ ಪತ್ರಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಹೊಗಳಿಕೆಯೊಂದುಂಟು. ‘ಇವರು ಮೂವತ್ತು ವರ್ಷಗಳ ಸೇವಾವಧಿಯಲ್ಲಿ ಒಂದು ದಿನವೂ ರಜೆಯನ್ನು ಪಡೆದವರಲ್ಲ, ಮೈಯಲ್ಲಿ ಜ್ವರವಿದ್ದಾಗಲೂ ಪಾಠವನ್ನು ನಿಲ್ಲಿಸಿದವರಲ್ಲ’ ಎಂಬುದೇ ಅದು. ಅಂತಹ ಪತ್ರಗಳ ರಚನೆ ಸಾಮಾನ್ಯವಾಗಿ ಕನ್ನಡ ಪಂಡಿತನ ಪಾಲಿಗೇ ಬರುವುದರಿಂದ ಈ ವಾಕ್ಯದ ಪರಿಚಯ ನನಗೆ ಚೆನ್ನಾಗಿಯೇ ಇದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಶಾಲು ಹೊದ್ದು ಕುಳಿತ ಹಿರಿಯರ ಬಾತ ಕಾಲುಗಳೂ ಒಡೆದ ಕಂಠವೂ ಪತ್ರದಲ್ಲಿ ಸೇರುವುದಿಲ್ಲ. ಜ್ವರದ ಮೈಯಲ್ಲಿ ಮಾಡಿದ ಆ ಪಾಠ ಮಕ್ಕಳಿಗೆ ಎಷ್ಟು ದಕ್ಕಿತೆಂದು ಕೇಳುವವರೂ ಇಲ್ಲ. ದಣಿದು ಕುಸಿಯುವುದಕ್ಕೆ ಮೊದಲೇ ವಿಶ್ರಾಂತಿಯನ್ನು ಪಡೆಯುವುದು ಅಧ್ಯಾಪಕನ ಕರ್ತವ್ಯಗಳಲ್ಲಿ ಒಂದು, ಅದಕ್ಕೆ ಎಡೆಮಾಡಿಕೊಡುವುದು ಸಂಸ್ಥೆಯ ಕರ್ತವ್ಯ ಎಂಬ ನನ್ನ ಅಭಿಪ್ರಾಯವನ್ನು ಸಹೋದ್ಯೋಗಿಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ನಿವೇದಿಸಲು ಈ ಸಂಚಿಕೆ ತಕ್ಕ ಸ್ಥಳವೆಂದು ಭಾವಿಸಿದ್ದೇನೆ.

ಇದು ಹೊಸಗಾಲದ ಸುಖಾಪೇಕ್ಷೆಯೆಂದು ಹಿರಿಯರು ಮುನಿಯಬಾರದು. ಪಾಠಶಾಲೆಗಳ ಸಂಪ್ರದಾಯದಲ್ಲಿ ಓದಿ ಬಂದವರಿಗೆ ‘ಅನಧ್ಯಯನ’ವೆಂಬ ಮಾತು ಚಿರಪರಿಚಿತ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಂದು ಪಾಠವಿಲ್ಲ. ಅಕಾಲದಲ್ಲಿ ಗುಡುಗಿದರೆ ಪಾಠವಿಲ್ಲ. ಧೂಳಿನ ಬಿರುಗಾಳಿಯೆದ್ದರೆ ಪಾಠವಿಲ್ಲ. ಶಿಷ್ಟರಾದವರು ಮನೆಗೆ ಬಂದರೂ ಪಾಠವಿಲ್ಲ. ಧರ್ಮಶಾಸ್ತ್ರಕಾರರು ಇವನ್ನೆಲ್ಲ ಸಾಲಾಗಿ ಎಣಿಸಿಟ್ಟಿದ್ದಾರೆ. ಅವರು ಹೇಳಿದ ಕಾರಣಗಳು ಏನೇ ಇರಲಿ, ಗುರುಶಿಷ್ಯರಿಬ್ಬರ ನಾಲಗೆಗೂ ಬುದ್ಧಿಗೂ ಪ್ರತಿಪಕ್ಷದಲ್ಲಿ ಕೆಲವು ದಿನಗಳ ಬಿಡುವು ದೊರೆಯುತ್ತಿತ್ತೆಂಬುದು ಸ್ಪಷ್ಟ. ರಾಮಾಯಣದ ಸುಂದರಕಾಂಡದಲ್ಲಿ ಹನುಮಂತನು ಸೀತೆಯ ಕೃಶತೆಯನ್ನು ವರ್ಣಿಸುವಾಗ, ಪಾಡ್ಯದಂದೂ ಬಿಡದೆ ಓದುವವನ ವಿದ್ಯೆಯನ್ನು ಹೋಲಿಕೆಗೆ ತರುತ್ತಾನೆ. ಬಿಡುವಿಲ್ಲದ ಓದಿನಿಂದ ವಿದ್ಯೆ ಸೊರಗುತ್ತದೆಂಬುದು ಆದಿಕವಿಯ ಕಾಲಕ್ಕೇ ಉಪಮಾನವಾಗುವಷ್ಟು ಪ್ರಸಿದ್ಧವಾಗಿತ್ತೆಂದಾಯಿತು. ಕುಮಾರಸಂಭವದ ಐದನೆಯ ಸರ್ಗದಲ್ಲಂತೂ ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು ಪಾರ್ವತಿಯನ್ನು ಮೊದಮೊದಲು ಕೇಳುವ ಕುಶಲಪ್ರಶ್ನೆಗಳಲ್ಲಿ, ತನ್ನ ಶಕ್ತಿಗೆ ತಕ್ಕಷ್ಟು ಮಾತ್ರವೇ ಅವಳು ತಪಸ್ಸನ್ನು ಮಾಡುತ್ತಿರುವಳೇ ಎಂಬುದೂ ಒಂದು. ಯಾರನ್ನು ಕುರಿತು ಆ ತಪಸ್ಸು ನಡೆದಿತ್ತೋ ಅವನ ಬಾಯಿಂದಲೇ ಬಂದ ಪ್ರಶ್ನೆಯಿದು.

ಕಾಯಕದ ತತ್ತ್ವವನ್ನು ನಂಬಿದ ನಮ್ಮಲ್ಲಿ ವಿಶ್ರಾಂತಿಯ ಮಾತೆತ್ತುವುದು ಸಂಕೋಚದ ವಿಷಯವೆಂದು ಬಲ್ಲೆ. ಕಾಯಕವನ್ನು ಕೈಲಾಸಕ್ಕೆ ಸಮವೆಂದು ಸಾರಿದ ಆಯ್ದಕ್ಕಿ ಮಾರಯ್ಯನ ಹೆಸರನ್ನು ಹೇಳಿ ಅಧ್ಯಾಪಕರಿಗೆ ಒಂದರ ಮೇಲೊಂದು ಕೆಲಸವನ್ನು ಹೇರುವುದನ್ನು ಎಲ್ಲ ಕಡೆಯೂ ಕಾಣುತ್ತೇವೆ. ಹಾಗೆ ಹೇರುವವರು ಮಾರಯ್ಯನ ಮಡದಿ ಲಕ್ಕಮ್ಮನನ್ನು ಮರೆತಿರುತ್ತಾರೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಅನುಭವದ ಮಾತಿನಲ್ಲಿ ಮೈಮರೆತ ಗಂಡನನ್ನು ಕಾಯಕಕ್ಕೆ ಎಚ್ಚರಿಸಿ ಕಳುಹಿಸಿದವಳೂ ಲಕ್ಕಮ್ಮ. ಎಂದಿನ ಅಳತೆಯನ್ನು ಮೀರಿ ಹೆಚ್ಚು ಅಕ್ಕಿಯನ್ನು ತಂದ ದಿನ, ಇದು ನಮಗೆ ಸಲ್ಲದೆಂದು ಹೆಚ್ಚಿನದನ್ನು ತಂದಲ್ಲಿಯೇ ಸುರಿದುಬರಲು ಹೇಳಿದವಳೂ ಅವಳೇ. ಮೊದಲ ಅರ್ಧವನ್ನು ನಾವು ಭಾಷಣಗಳಲ್ಲಿ ಬಳಸುತ್ತೇವೆ. ಎರಡನೆಯ ಅರ್ಧ ಶಾಲೆಯ ವೇಳಾಪಟ್ಟಿಯನ್ನು ಸಿದ್ಧಪಡಿಸುವವರ ಕಿವಿಗೆ ಬಿದ್ದಂತಿಲ್ಲ. ಕಾಯಕವೆಂಬ ಪದದೊಳಗೆ ಕಾಯವಿದೆ. ಅದು ಸವೆದ ಮೇಲೆ ಕಾಯಕವನ್ನು ಮಾಡುವವರು ಯಾರು?

ಪಾಶ್ಚಾತ್ಯರು ಈ ಸವೆತಕ್ಕೆ ‘ಬರ್ನ್‌ಔಟ್’ ಎಂಬ ಹೆಸರಿಟ್ಟಿದ್ದಾರೆ. ಒಳಗಿಂದ ಉರಿದುಹೋಗುವುದು ಎಂದರ್ಥ. ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಇದನ್ನು ಕುರಿತು ಲೇಖನವನ್ನು ಪ್ರಕಟಿಸಿದರು. ಹಣ ಪಡೆಯದೆ ಚಿಕಿತ್ಸೆ ನೀಡುತ್ತಿದ್ದ ಆಸ್ಪತ್ರೆಯ ಸೇವಾಕರ್ತರಲ್ಲಿ, ತಮ್ಮಲ್ಲಿಯೂ ಸಹ, ಅವರು ಇದನ್ನು ಕಂಡರೆಂಬುದು ಗಮನಾರ್ಹ. ಉರಿದುಹೋಗುವವರು ಮೈಗಳ್ಳರಲ್ಲ, ಶ್ರದ್ಧಾವಂತರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆನ್ನದೆ, ಕೆಲಸದ ಸ್ಥಳದಲ್ಲಿ ಬಹುಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದುದರ ಫಲವೆಂದು ನಿರೂಪಿಸಿ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಬತ್ತಿದಂತಾಗುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿದು ತಿರಸ್ಕಾರ ಹುಟ್ಟುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು. ನಮ್ಮ ಅಧ್ಯಾಪಕರ ಕೊಠಡಿಯ ಭಾಷೆಯಲ್ಲಿ ಹೇಳುವುದಾದರೆ, ಬೆಳಗಿನ ಪ್ರಾರ್ಥನೆಯ ವೇಳೆಗೇ ಕಾಲು ಸೋಲುವುದು, ‘ಈ ಮಕ್ಕಳಿಗೆ ಎಷ್ಟು ಹೇಳಿದರೂ ಅಷ್ಟೆ’ ಎಂಬ ಮಾತು ಮತ್ತೆ ಮತ್ತೆ ಬಾಯಿಗೆ ಬರುವುದು, ಇಪ್ಪತ್ತು ಸಲ ಪಾಠ ಮಾಡಿದ ಷಟ್ಪದಿಗೆ ಅನ್ವಯ ಹೊಳೆಯದಿರುವುದು. ಎರಡನೆಯದೇ ಅತ್ಯಂತ ಅಪಾಯಕರವೆಂದು ನನ್ನ ಎಣಿಕೆ. ಅದರ ಬೆಲೆಯನ್ನು ತೆರುವವರು ಹಿಂದಿನ ಬೆಂಚಿನ ಮಕ್ಕಳು.

ಹೊರೆ ಎಷ್ಟೆಂಬುದನ್ನು ದಾನಿಗಳು ಒಮ್ಮೆ ಎಣಿಸಿ ನೋಡಬೇಕು. ಭಾಷಾ ಅಧ್ಯಾಪಕನೊಬ್ಬನಿಗೆ ಮೂರು ವಿಭಾಗಗಳು, ಒಂದೊಂದರಲ್ಲಿ ಅರುವತ್ತು ಮಕ್ಕಳು ಎಂದಿಟ್ಟುಕೊಳ್ಳೋಣ. ಪ್ರಬಂಧದ ಪುಸ್ತಕಗಳು 180. ಒಂದಕ್ಕೆ ಮೂರೇ ನಿಮಿಷವೆಂದರೂ ಒಂದು ಸಲದ ತಿದ್ದುವಿಕೆಗೆ ಒಂಬತ್ತು ಗಂಟೆ. ಅದು ನಡೆಯುವುದು ಮನೆಯಲ್ಲಿ, ರಾತ್ರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಅಧ್ಯಾಪಕನ ವಾರದ ದುಡಿಮೆಯನ್ನು ಸಿದ್ಧತೆಯೂ ಸೇರಿ ಕನಿಷ್ಠ 45 ಗಂಟೆಯೆಂದು ಹೇಳಿದೆ, ಗರಿಷ್ಠವೆಷ್ಟೆಂದು ಹೇಳಿಲ್ಲ. ಬಿಸಿಯೂಟದ ಲೆಕ್ಕ, ಗಣಕದಲ್ಲಿ ತುಂಬಬೇಕಾದ ಅಂಕಿಅಂಶಗಳು, ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪಿನಲ್ಲಿ ಬಂದಿಳಿಯುವ ಸುತ್ತೋಲೆಗಳು ಇದರ ಮೇಲೆ. ಅಧ್ಯಾಪಿಕೆಯರಿಗಂತೂ ಮನೆಯೇ ಎರಡನೆಯ ಶಾಲೆ. ಅಲ್ಲಿ ಗಂಟೆ ಬಾರಿಸುವವರೂ ಇಲ್ಲ.

ರಜೆಯುಂಟಲ್ಲ ಎನ್ನುವವರು 2025ರ ದಸರೆಯನ್ನು ನೆನೆಯಬೇಕು. ಆ ವರ್ಷ ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು; ಗಣತಿದಾರರಾದವರು ಬಹುಪಾಲು ಶಾಲಾ ಅಧ್ಯಾಪಕರು. ಕೆಲಸ ಮುಗಿಯದ ಕಾರಣ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ರಜೆ ಬೆಳೆದದ್ದು ಮಕ್ಕಳಿಗೆ. ಅವರ ಉಪಾಧ್ಯಾಯರು ಮನೆಮನೆಯ ಬಾಗಿಲಲ್ಲಿ ನಿಂತಿದ್ದರು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಇಲ್ಲಿಯ ಚರ್ಚೆಯಲ್ಲ. ನಾಡಹಬ್ಬದ ಊರಿನಲ್ಲಿದ್ದೂ ಹಬ್ಬವನ್ನು ಕಾಣದೆ ಮತ್ತೆ ತರಗತಿಗೆ ಹಿಂದಿರುಗಿದವರಿಗೆ ಕಳೆದ ಬಿಡುವನ್ನು ತುಂಬಿಕೊಡಬೇಕೆಂಬ ಯೋಚನೆ ಸಂಸ್ಥೆಗಳಿಗೆ ಬರಬೇಕಾಗಿತ್ತು.

ಹಾಗೆಂದು ಎಲ್ಲವನ್ನೂ ಸರ್ಕಾರದ, ಸಂಸ್ಥೆಯ ಮೇಲೆ ಹಾಕಿ ನಾವು ಕೈಕಟ್ಟಿ ಕೂಡುವಂತಿಲ್ಲ. ವಿಶ್ರಾಂತಿಗೆ ಮೈಸೂರಿಗಿಂತ ಅನುಕೂಲವಾದ ಊರು ವಿರಳ. ಚಾಮುಂಡಿಬೆಟ್ಟದ ಮೆಟ್ಟಿಲುಗಳು ನಮ್ಮ ಅಗ್ರಹಾರಕ್ಕೆ ದೂರದವಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುವೆಂಪು ಅವರು ನಡೆದಾಡುತ್ತಿದ್ದುದು ಮನೆಮಾತು. ಮಹಾಕಾವ್ಯ, ಕಾದಂಬರಿ, ಅಧ್ಯಾಪನ, ಮುಂದೆ 1956ರಿಂದ 1960ರವರೆಗೆ ಕುಲಪತಿಯ ಹೊಣೆ, ಇಷ್ಟನ್ನು ಹೊತ್ತವರಿಗೆ ಕೆರೆಯ ದಾರಿ ಹೊತ್ತಿನ ಅಪವ್ಯಯವೆನಿಸಲಿಲ್ಲ. ಸಂಜೆಯ ಒಂದು ಗಂಟೆಯನ್ನು ಮನೆಪಾಠಕ್ಕೂ ಮಾರದೆ, ದೂರವಾಣಿಗೂ ಒಪ್ಪಿಸದೆ ತನ್ನದಾಗಿ ಇರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಗಂಟಲು ಒಡೆದಾಗ ಮಕ್ಕಳಿಂದಲೇ ಪದ್ಯವನ್ನು ಓದಿಸಿ ಕೇಳುವುದೂ ಪಾಠವೇ. ಎಷ್ಟೋ ವೇಳೆ ಅದೇ ಉತ್ತಮ ಪಾಠ.

ಕೊನೆಯದಾಗಿ ದಾನಿಗಳಲ್ಲಿ ಒಂದು ಬಿನ್ನಹ. ನಮ್ಮ ಬಡಾವಣೆಯ ಹೆಸರನ್ನೇ ನೋಡಿ. ಅಗ್ರಹಾರವೆಂದರೆ ಹಿಂದೆ ಅರಸರು ವಿದ್ವಾಂಸರಿಗೆ ಬಿಟ್ಟುಕೊಟ್ಟ ದತ್ತಿ. ಹೊಟ್ಟೆಪಾಡಿನ ಚಿಂತೆಯನ್ನು ನೀಗಿ, ಓದುವುದಕ್ಕೂ ಓದಿಸುವುದಕ್ಕೂ ಬೇಕಾದ ಬಿಡುವನ್ನು ಕೊಡುವುದೇ ಅದರ ಉದ್ದೇಶ. ಭೂಮಿಯ ರೂಪದಲ್ಲಿ ಅವರು ಕೊಟ್ಟದ್ದು ಕಾಲವನ್ನು. ಇಂದಿನ ದಾನಿಗಳು ಕೊಠಡಿ, ಗಡಿಯಾರ, ಕಪಾಟು, ಧ್ವನಿವರ್ಧಕಗಳನ್ನು ಉದಾರವಾಗಿ ಕೊಡುತ್ತಿದ್ದಾರೆ. ಅವುಗಳ ಮೇಲೆ ಹೆಸರನ್ನು ಬರೆಸಲು ಜಾಗವೂ ಇರುತ್ತದೆ. ಬದಲಿ ಅಧ್ಯಾಪಕರೊಬ್ಬರ ವರ್ಷದ ಸಂಬಳಕ್ಕೆ ದತ್ತಿಯಿಟ್ಟರೆ ಹೆಸರು ಬರೆಸಲು ಗೋಡೆ ದೊರೆಯಲಾರದು. ಆದರೆ ಪ್ರತಿಯೊಬ್ಬ ಅಧ್ಯಾಪಕನಿಗೂ ಪಕ್ಷಕ್ಕೊಂದು ಅರ್ಧದಿನದ ಅನಧ್ಯಯನ ಸರದಿಯ ಮೇಲೆ ದೊರೆಯುತ್ತದೆ. ಜ್ವರ ಬಂದವನು ಸಹೋದ್ಯೋಗಿಯ ಮೇಲೆ ಹೊರೆ ಬಿದ್ದೀತೆಂಬ ಅಳುಕಿಲ್ಲದೆ ಮನೆಯಲ್ಲಿ ಮಲಗಬಹುದು. ಮುಂದಿನ ವರ್ಷದ ವೇಳಾಪಟ್ಟಿ ಬೇಸಗೆಯಲ್ಲಿ ಸಿದ್ಧವಾಗುತ್ತದೆ. ಅಷ್ಟರೊಳಗೆ ಇಂತಹ ದತ್ತಿಯೊಂದು ಒದಗಿದರೆ ಅದರಲ್ಲಿ ಆ ಅರ್ಧದಿನವನ್ನು ಬರೆದು ಸೇರಿಸುವುದು ಕಷ್ಟವಾಗದು.