ಹಳೇ ಪೈಥಾನಿಗೂ ಒಂದು ಟಿಕೆಟ್ ಕೊಡಿ

ಎಡಿಟರ್‌ಗಳಿಗೆ ಪ್ಲಗಿನ್ ಬರೆಯುವ ಕನ್ನಡದ ಗೆಳೆಯರಿಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಇತ್ತು. ಪೈಥಾನ್ 2ರ ಕಾಲ 2020ರ ಜನವರಿ 1ಕ್ಕೆ ಮುಗೀತು, ನಿಜ. ಆದರೆ "ಮುಗೀತಲ್ಲ, ಇನ್ಯಾಕೆ ಹಳೇದರ ಗೊಡವೆ" ಅನ್ನೋ ವಾದ ನನಗಂತೂ ಒಪ್ಪಿಗೆಯಿಲ್ಲ.

ಮೊದಲು ತೊಂದರೆ ಏನು ನೋಡೋಣ. 'ಝಳಕಿ' ಅನ್ನೋ ನಮ್ಮೂರ ಹೆಸರನ್ನೇ ತಗೊಳ್ರಿ. ಕಣ್ಣಿಗೆ ಮೂರಕ್ಷರ. ಯೂನಿಕೋಡಿನಲ್ಲಿ ನಾಲ್ಕು ಸಂಕೇತ: ಝ, ಳ, ಕ, ಮತ್ತೊಂದು ಗುಡಿಸು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 12. ಈ ಪದದ ಉದ್ದ ಕೇಳಿದರೆ ಪೈಥಾನ್ 2 ತನ್ನ ಮಾಮೂಲಿ ಸ್ಟ್ರಿಂಗಿನಲ್ಲಿ 12 ಅನ್ನುತ್ತೆ, ಪೈಥಾನ್ 3 ನಾಲ್ಕು ಅನ್ನುತ್ತೆ. (ಮೂರು ಅಂತ ಎರಡೂ ಅನ್ನೋಲ್ಲ, ಅದು ಬೇರೆ ಕಥೆ :) ) ಇಂಗ್ಲಿಷ್ ಪದಕ್ಕೆ ಎರಡೂ ಒಂದೇ ಉತ್ತರ ಕೊಡೋದರಿಂದ ಅವರಿಗೆ ತಪ್ಪು ಕಾಣೋದೇ ಇಲ್ಲ. ಸಾಲು ಮುರಿಯುವ ಪ್ಲಗಿನ್ ಕನ್ನಡಕ್ಕೆ ಬಂತೋ... ಅಕ್ಷರದ ನಡುವೆಯೇ ಕತ್ತರಿ!

ಇನ್ನು ಯಾವ ಪೈಥಾನ್ ಅನ್ನೋದು ಹೆಚ್ಚಾಗಿ ನಮ್ಮ ಕೈಯಲ್ಲಿಲ್ಲ, ಎಡಿಟರ್ ಕೈಯಲ್ಲಿದೆ. ಸಬ್ಲೈಮ್ ಟೆಕ್ಸ್ಟ್ 2ರಲ್ಲಿ ಪೈಥಾನ್ 2.6 ಇತ್ತು, ಮೂರನೆಯದರಲ್ಲಿ 3.3. ನಾಲ್ಕನೆಯದು 2021ರಲ್ಲಿ ಬಂದಾಗ 3.3 ಮತ್ತು 3.8 ಎರಡನ್ನೂ ಹೊತ್ತು ತಂತು. ವಿಮ್ ಅಂತೂ ಅದನ್ನು ಕಟ್ಟಿದವರ ಮೇಲೆ ಹೋಗುತ್ತೆ, ಪೈಥಾನ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

"ಹೊಸದನ್ನು ಹಾಕ್ಕೊಳ್ಳಿ" ಅನ್ನೋದು ಸುಲಭ. ವಿಂಡೋಸ್ 7ರ ಮೇಲೆ ಅಧಿಕೃತವಾಗಿ ನಡೆಯುವ ಕೊನೆಯ ಪೈಥಾನ್ 3.8. ಎಕ್ಸ್‌ಪಿ ಮೇಲಾದರೆ 3.4. ಅಂದರೆ ಹಳೇ ಯಂತ್ರ ಇಟ್ಟುಕೊಂಡವನಿಗೆ ನಾವು ಹೇಳ್ತಿರೋದು "ಹೊಸ ಕಂಪ್ಯೂಟರ್ ಕೊಳ್ಳಪ್ಪಾ" ಅಂತ!

ಹಾಗಂತ ಬಿಡುವಿನಲ್ಲಿ ಪುಕ್ಕಟೆ ಕೆಲಸ ಮಾಡುವವರು ಎರಡೂ ಆವೃತ್ತಿಗಳನ್ನು ಜನ್ಮವಿಡೀ ಸಾಕಬೇಕು ಅಂತ ನಾನು ಅನ್ನೋದಿಲ್ಲ. ಮೂರೇ ಮೂರು ಕೆಲಸ ಮಾಡಿ ಸಾಕು.

೧. ಪ್ಲಗಿನ್ ಶುರುವಾದ ಕೂಡಲೇ ಯಾವ ಪೈಥಾನ್ ಇದೆ ಅಂತ ಎಡಿಟರನ್ನು ಕೇಳಿ. ಹೊಂದದಿದ್ದರೆ ಒಂದು ಸಾಲು ಕನ್ನಡದಲ್ಲಿ ಹೇಳಿ ನಿಲ್ಲಿಸಿ. ಸುಮ್ಮನೆ ಸಾಯೋದು ಬೇಡ, ಬರೆದಿಟ್ಟ ಕಡತ ಕೆಡಿಸೋದಂತೂ ಬೇಡವೇ ಬೇಡ.

೨. ಹಳೇದರಲ್ಲಿ ನಡೀತಿದ್ದ ಕೊನೆಯ ಆವೃತ್ತಿಯನ್ನು ಅಳಿಸಬೇಡಿ. ಸಬ್ಲೈಮಿನ ಪ್ಯಾಕೇಜ್ ಕಂಟ್ರೋಲ್‌ನಲ್ಲಿ ಎಡಿಟರ್ ಆವೃತ್ತಿಗೆ ತಕ್ಕಂತೆ ಬೇರೆ ಬೇರೆ ಬಿಡುಗಡೆ ಕೊಡೋಕೆ ದಾರಿಯಿದೆ.

೩. ಕನ್ನಡದ ಲೆಕ್ಕಾಚಾರ ಒಂದು ಕಡತದಲ್ಲಿ, ಎಡಿಟರ್ ಜೊತೆ ಮಾತಾಡುವ ಭಾಗ ಇನ್ನೊಂದರಲ್ಲಿ ಇರಲಿ. ನಾಳೆ ಎಡಿಟರ್ ಬದಲಾದರೆ ಎರಡನೆಯದನ್ನು ತಿದ್ದಿದರೆ ಆಯ್ತು.

2014ರ ನವೆಂಬರ್ 1ಕ್ಕೆ ಬಿಜಾಪುರ ಹೋಗಿ ವಿಜಯಪುರ ಆಯ್ತು. ಬೋರ್ಡು ಬದಲಾಯ್ತು, ಕಾಗದಪತ್ರ ಬದಲಾಯ್ತು. ಆದರೆ ಸೊಲ್ಲಾಪುರ ರಸ್ತೆಯ ಬಸ್ಸಿನಲ್ಲಿ ಮುದುಕರೊಬ್ಬರು "ಬಿಜಾಪುರಕ್ಕೊಂದು ಕೊಡಪಾ" ಅಂದರೆ ಯಾವ ಕಂಡಕ್ಟರೂ ಅವರನ್ನು ಕೆಳಗಿಳಿಸೋದಿಲ್ಲ. ಹೊಸ ಹೆಸರಿನ ಟಿಕೆಟ್ ಹರಿದು ಕೊಡ್ತಾನೆ, ಅಷ್ಟೇ.

ನಮ್ಮ ಪ್ಲಗಿನ್‌ಗಳಿಗೂ ಅಷ್ಟು ತಾಳ್ಮೆ ಇದ್ದರೆ ಸಾಲದೇ? ಏನಂತೀರಿ?