ವಾರದ ವಿಚಾರ: ಕರ್ತೃವೆಲ್ಲಿ?

ಯಾವುದಾದರೊಂದು ವಾರದ ವರ್ತಮಾನಗಳನ್ನು ಮುಂದಿಟ್ಟುಕೊಂಡು, ನಮಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರೊಡನೆ ಆಡುವುದು ಈ ಪುಟದ ಪದ್ಧತಿಯಷ್ಟೆ. ಬಿಸಿ ಸುದ್ದಿಗೆ ಬಿಸಿ ಅಭಿಪ್ರಾಯವನ್ನು ಬಡಿಸುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಆರಿದ ಮೇಲೆ ರುಚಿ ನೋಡುವವರು ಕಡಿಮೆ. ಆದುದರಿಂದ ಈ ಸಲ ಹಳೆಯ ಪತ್ರಿಕೆಗಳ ಕಟ್ಟೊಂದನ್ನು ಬಿಚ್ಚಿದ್ದೇವೆ. ಅದು 2023ನೆಯ ಇಸವಿ ಆಗಸ್ಟ್ 23ರಿಂದ 30ರ ವರೆಗಿನ ವಾರದ್ದು. ಆ ಕಟ್ಟನ್ನು ನಾವು ತೆಗೆದಿರಿಸಿಕೊಂಡದ್ದು ಚಂದ್ರನ ಸಲುವಾಗಿ. ಈಗ ಓದಿದರೆ ಅದರಲ್ಲಿ ಬೇರೆಯದೊಂದು ಸಂಗತಿ ಕಣ್ಣಿಗೆ ಬೀಳುತ್ತದೆ.

ಮೊದಲು ಚಂದ್ರನ ವಿಚಾರ. 23ನೆಯ ತಾರೀಖು ಬುಧವಾರ ಸಾಯಂಕಾಲ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮವು ಚಂದ್ರನ ದಕ್ಷಿಣ ಧ್ರುವಪ್ರದೇಶದ ಸಮೀಪದಲ್ಲಿ ಮೆಲ್ಲನೆ ಕಾಲೂರಿತು. ಅದಕ್ಕೆ ನಾಲ್ಕು ದಿನ ಮೊದಲು ರಷ್ಯ ದೇಶದ ಲೂನಾ-25 ಚಂದ್ರನಿಗೆ ಅಪ್ಪಳಿಸಿ ನಾಶವಾಗಿತ್ತು. ನಮ್ಮದೂ 2019ನೆಯ ಸೆಪ್ಟೆಂಬರಿನಲ್ಲಿ, ನೆಲವು ಇನ್ನು ಸುಮಾರು ಎರಡು ಕಿಲೋಮೀಟರು ಇದೆ ಎನ್ನುವಾಗ ದಾರಿ ತಪ್ಪಿ ಬಿದ್ದಿತ್ತು. ಬಿದ್ದವರು ಎದ್ದ ರೀತಿಯೇ ನಮಗೆ ಮೆಚ್ಚಿಕೆಯಾದದ್ದು. ಇಸ್ರೋದ ಅಧ್ಯಕ್ಷರಾಗಿದ್ದ ಎಸ್. ಸೋಮನಾಥರು, ಈ ಸಲ ಏನೇನು ಕೆಡಬಹುದೆಂಬುದನ್ನು ಮೊದಲು ಎಣಿಸಿಕೊಂಡು ನೌಕೆಯನ್ನು ರೂಪಿಸಿದೆವೆಂದು ವಿವರಿಸಿದರು. ಇಳಿಯುವ ಜಾಗವು ಹಿಂದೆ ಅರ್ಧ ಕಿಲೋಮೀಟರು ಚೌಕವಾಗಿತ್ತು; ಅದನ್ನು 4 ಕಿಲೋಮೀಟರು ಉದ್ದ, 2.4 ಕಿಲೋಮೀಟರು ಅಗಲಕ್ಕೆ ಹಿಗ್ಗಿಸಿದರು. ಕಾಲುಗಳನ್ನು ಬಲಪಡಿಸಿದರು, ಇಂಧನವನ್ನು ಹೆಚ್ಚಿಸಿದರು, ಐದು ಎಂಜಿನುಗಳಲ್ಲಿ ಒಂದನ್ನು ತೆಗೆದುಹಾಕಿದರು. ಫೇಲಾದ ಪತ್ರಿಕೆಯನ್ನು ಮುಚ್ಚಿಡದೆ ಎದುರಿಗೆ ಹರಡಿಕೊಂಡು, ತಪ್ಪಾದಲ್ಲೆಲ್ಲ ಕೆಂಪು ಗೆರೆ ಎಳೆದುಕೊಂಡು ಮತ್ತೆ ಓದಿದ ಹುಡುಗನನ್ನು ಯಾವ ಉಪಾಧ್ಯಾಯನು ತಾನೆ ಕೊಂಡಾಡದಿರುವನು?

ಆ ಸಂಜೆ ನಮ್ಮ ಮನೆಯಲ್ಲಿ ನಡೆದುದನ್ನೂ ಹೇಳಿಬಿಡುತ್ತೇವೆ. ನೆರೆಹೊರೆಯವರು ಸೇರಿ ಹತ್ತು ಮಂದಿ ಟೆಲಿವಿಷನ್ನಿನ ಮುಂದೆ ಕುಳಿತಿದ್ದರು. ಆರಕ್ಕೆ ಕೆಲವು ನಿಮಿಷ ಇರುವಾಗ ನಾವು ಒಳಕ್ಕೆ ತಿರುಗಿ, “ಎಲ್ಲರಿಗೂ ಕಾಫಿ ಆಗಲಿ” ಎಂದೆವು. ಕಾಫಿ ಆಯಿತು. ಲೋಟಗಳ ತಟ್ಟೆಯನ್ನು ಹಿಡಿದು ನಮ್ಮ ಮನೆಯವರು ಹೊರಕ್ಕೆ ಬರುವ ವೇಳೆಗೆ ಚಪ್ಪಾಳೆ ಮುಗಿದಿತ್ತು. “ಇಳಿಯಿತೇ?” ಎಂದು ಕೇಳಿದರು. “ಇಳಿಯಿತು” ಎಂದು ನಾವು ಲೋಟವನ್ನು ತೆಗೆದುಕೊಂಡೆವು. ಆ ದಿನ ನಮಗೆ ಅದರಲ್ಲಿ ತಪ್ಪೇನೂ ತೋರಲಿಲ್ಲ.

ಅದಂತಿರಲಿ. ಅದೇ 23ನೆಯ ತಾರೀಖು ಬೆಳಿಗ್ಗೆ, ಮಿಜೋರಾಮ್ ರಾಜ್ಯದ ಐಜ್ವಾಲಿನಿಂದ ಸುಮಾರು 20 ಕಿಲೋಮೀಟರು ದೂರದ ಸೈರಂಗ್ ಎಂಬಲ್ಲಿ, ಕಟ್ಟುತ್ತಿದ್ದ ರೈಲ್ವೆ ಸೇತುವೆಯ ಮೇಲಿನ ಉಕ್ಕಿನ ಚೌಕಟ್ಟು ಕುಸಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಕೂಲಿಗಾರರು ಮಡಿದರು. ಅವರಲ್ಲಿ ಬಹುಮಂದಿ ಪಶ್ಚಿಮ ಬಂಗಾಳದ ಮಾಲ್ದಾ ಜಿಲ್ಲೆಯವರು. ಹೊಟ್ಟೆಯ ಪಾಡಿಗಾಗಿ ಅಷ್ಟು ದೂರದ ಗುಡ್ಡಗಾಡಿಗೆ ಹೋಗಿದ್ದವರು. ಸತ್ತವರ ಕುಟುಂಬಗಳಿಗೆ ರೈಲ್ವೆ ಇಲಾಖೆಯು ತಲಾ 10 ಲಕ್ಷ ರೂಪಾಯಿಗಳನ್ನು ಘೋಷಿಸಿತು. ವಿಚಾರಣಾ ಸಮಿತಿಯೂ ನೇಮಕವಾಯಿತು. ಮರುದಿನದ ಪತ್ರಿಕೆಯ ಮೊದಲ ಪುಟವೆಲ್ಲ ಚಂದ್ರನಿಗೆ ಮೀಸಲಾದುದು ಸಹಜ; ನಾವು ಅದನ್ನು ದೂರುವುದಿಲ್ಲ. ಆದರೆ ಒಳಗಿನ ಪುಟವನ್ನು ನಾವು ಆ ದಿನ ಓದಲೇ ಇಲ್ಲವೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ಕಟ್ಟನ್ನು ಬಿಚ್ಚಿದ ಮೇಲೆ ಕಂಡಿತು.

ಇಲ್ಲಿ ವ್ಯಾಕರಣದ ಮಾತೊಂದನ್ನು ವಾಚಕರು ಸಹಿಸಬೇಕು. ದೇವದತ್ತನು ಅನ್ನವನ್ನು ಬೇಯಿಸುತ್ತಾನೆ ಎಂಬುದು ಕರ್ತರಿ ಪ್ರಯೋಗ. ದೇವದತ್ತನಿಂದ ಅನ್ನವು ಬೇಯಿಸಲ್ಪಡುತ್ತದೆ ಎಂಬುದು ಕರ್ಮಣಿ ಪ್ರಯೋಗ. ಮೊದಲನೆಯದರಲ್ಲಿ ಪ್ರಥಮೆಯಲ್ಲಿ ಕುಳಿತಿದ್ದ ದೇವದತ್ತನು ಎರಡನೆಯದರಲ್ಲಿ ತೃತೀಯೆಗೆ ಇಳಿಯುತ್ತಾನೆ. ಸೌದೆಯಿಂದ ಅನ್ನವು ಬೇಯಿಸಲ್ಪಡುತ್ತದೆ ಎನ್ನುವಾಗಲೂ ಅದೇ ತೃತೀಯೆ. ಎಂದರೆ ದೇವದತ್ತನೂ ಸೌದೆಯೂ ಒಂದೇ ಪಂಕ್ತಿ! ಮುಂದೆ ಆ ಪದವನ್ನೇ ಬಿಟ್ಟುಬಿಟ್ಟರೂ ವಾಕ್ಯಕ್ಕೆ ಊನವಿಲ್ಲ. ಅನ್ನವು ಬೇಯಿಸಲ್ಪಟ್ಟಿತು ಎಂದರೆ ಸಾಕು. ಸೇತುವೆಯು ನಿರ್ಮಿಸಲ್ಪಟ್ಟಿತು, ರಸ್ತೆಯು ಉದ್ಘಾಟಿಸಲ್ಪಟ್ಟಿತು ಎಂದು ದಿನವೂ ಓದುತ್ತೇವೆ. ಉದ್ಘಾಟಿಸಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ. ನಿರ್ಮಿಸಿದವನು ತೃತೀಯೆಗೂ ಬಾರದೆ ಹೋಗುತ್ತಾನೆ. ಅವನ ಎಣಿಕೆಯಾಗುವುದು ಅವನು ಬಿದ್ದ ದಿನ, ಅದೂ ಸಂಖ್ಯೆಯಲ್ಲಿ.

ಚಂದ್ರಯಾನದಲ್ಲಿ ಹೀಗಾಗಲಿಲ್ಲವೆಂಬುದು ಸಂತೋಷದ ವಿಷಯ. ಯೋಜನೆಯ ನಿರ್ದೇಶಕರಾದ ಪಿ. ವೀರಮುತ್ತುವೇಲ್, ಸಹನಿರ್ದೇಶಕಿಯಾದ ಕಲ್ಪನಾ ಕಾಳಹಸ್ತಿ ಇವರ ಹೆಸರುಗಳು ಆ ವಾರ ಮಕ್ಕಳ ಬಾಯಲ್ಲಿಯೂ ಇದ್ದುವು. ವೀರಮುತ್ತುವೇಲರ ತಂದೆ ವಿಲ್ಲುಪುರದಲ್ಲಿ ರೈಲ್ವೆಯ ಕೆಲಸಗಾರರಾಗಿದ್ದವರೆಂದು ಪತ್ರಿಕೆಗಳು ಬರೆದುವು. ರೈಲ್ವೆಯ ಕೆಲಸಗಾರನ ಮಗನು ಚಂದ್ರನಿಗೆ ನೌಕೆಯನ್ನಿಳಿಸಿದ ದಿನವೇ ರೈಲ್ವೆಯ ಸೇತುವೆಯನ್ನು ಕಟ್ಟುತ್ತಿದ್ದವರು ಮಡಿದರು. ಅವರ ಮಕ್ಕಳಲ್ಲಿಯೂ ಒಬ್ಬ ವೀರಮುತ್ತುವೇಲ್ ಇದ್ದಿರಬಾರದೆಂದು ಹೇಳುವವರಾರು?

ಮುಂದಿನ ಪುಟವನ್ನು ತಿರುವೋಣ. 24ರಂದು ಬಾಕು ನಗರದಲ್ಲಿ ನಡೆದ ಚದುರಂಗದ ವಿಶ್ವಕಪ್ಪಿನ ಅಂತಿಮ ಸ್ಪರ್ಧೆಯಲ್ಲಿ, ಚೆನ್ನೈಯ ಹದಿನೆಂಟು ವರ್ಷದ ಹುಡುಗ ಪ್ರಜ್ಞಾನಂದನು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ನನಿಗೆ ಸೋತನು. ಮೊದಲಿನ ಎರಡು ಆಟಗಳನ್ನು ಸಮ ಮಾಡಿಕೊಂಡು, ನಿರ್ಣಯದ ಶೀಘ್ರ ಆಟಗಳಲ್ಲಿ ಸೋತದ್ದು ಸೋಲಾದರೂ ಮರ್ಯಾದೆಯ ಸೋಲು. ಆ ಹುಡುಗನ ತಾಯಿ ಪರದೇಶಗಳಿಗೆ ಹೋಗುವಾಗಲೂ ಒಲೆಯನ್ನು ಪಾತ್ರೆಯನ್ನು ಜೊತೆಯಲ್ಲಿ ಒಯ್ದು, ಅವನಿಗೆ ಅನ್ನ ಸಾರು ಮಾಡಿ ಬಡಿಸುವರೆಂದು ಓದಿದೆವು. ಮಗನನ್ನು ದೂರದಿಂದ ನೋಡುತ್ತ ನಿಂತ ಆಕೆಯ ಚಿತ್ರವನ್ನು ಲೋಕವೆಲ್ಲ ಮೆಚ್ಚಿತು. ಮೆಚ್ಚಬೇಕಾದುದೇ. ಆದರೆ ಆ ಮೆಚ್ಚಿಕೆಯಲ್ಲಿ ಒಂದು ಸೌಕರ್ಯವಿದೆ. ದೂರದ ತಾಯಿಯ ತ್ಯಾಗವನ್ನು ಚಿತ್ರದಲ್ಲಿ ನೋಡಿ ಕಣ್ಣು ಒದ್ದೆ ಮಾಡಿಕೊಳ್ಳುವುದಕ್ಕೆ ಖರ್ಚಿಲ್ಲ; ನಮ್ಮ ಮನೆಯ ಎಂಜಲು ತಟ್ಟೆಯನ್ನು ಎತ್ತಿಡುವುದಕ್ಕೆ ಸೊಂಟ ಬಗ್ಗಬೇಕು.

ಇನ್ನು ರಾಜಕೀಯ. ಆ ಶುಕ್ರವಾರ, 25ರಂದು, ಮನೆಮನೆಯಲ್ಲಿ ವರಮಹಾಲಕ್ಷ್ಮಿಯ ಕಲಶವನ್ನಿಟ್ಟು ಪೂಜಿಸಿದರು. ಐದು ದಿನಗಳ ತರುವಾಯ, 30ರಂದು, ಕರ್ನಾಟಕ ಸರ್ಕಾರವು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿಗೂ ಹೆಚ್ಚು ಮಂದಿ ಯಜಮಾನಿಯರು ಹೆಸರು ಬರೆಯಿಸಿದ್ದರು. ಒಬ್ಬೊಬ್ಬರಿಗೆ ತಿಂಗಳಿಗೆ 2000 ರೂಪಾಯಿ. ಅದರ ಹಿಂದಿನ ದಿನವೇ ಕೇಂದ್ರ ಸರ್ಕಾರವು ಅಡಿಗೆಯ ಅನಿಲದ ಸಿಲಿಂಡರಿನ ಬೆಲೆಯಲ್ಲಿ 200 ರೂಪಾಯಿಗಳನ್ನು ಇಳಿಸಿತ್ತು. ಒಂದನ್ನೊಂದು ಹಳಿಯುತ್ತಿದ್ದ ಎರಡು ಪಕ್ಷಗಳ ಸರ್ಕಾರಗಳಿಗೆ ಎರಡು ದಿನಗಳ ಅಂತರದಲ್ಲಿ ಅಡಿಗೆಮನೆಯ ನೆನಪಾದುದು ಚುನಾವಣೆಯ ಮಹಿಮೆಯೆಂದು ನಗುವವರು ನಗಲಿ. ಯಾವ ಕಾರಣದಿಂದಾದರೂ ನೆನಪಾಯಿತಲ್ಲ!

ಆದರೆ ಆಗ ಜಗಲಿಗಳಲ್ಲಿ ಕೇಳಿಬಂದ ಒಂದು ಮಾತನ್ನು ನಾವು ಖಂಡಿಸಬೇಕಾಗಿದೆ. ದುಡಿಯದವರಿಗೆ ಬಿಟ್ಟಿ ಹಣವನ್ನು ಕೊಟ್ಟು ಸೋಮಾರಿಗಳನ್ನಾಗಿ ಮಾಡುತ್ತಾರೆಂದು ಅನೇಕ ಗೃಹಸ್ಥರು ಸಿಟ್ಟಾದರು. ಬೊಕ್ಕಸದ ಭಾರದ ಚರ್ಚೆ ನ್ಯಾಯವಾದುದು, ಅದನ್ನು ಮಾಡಲಿ. ದುಡಿಯದವರು ಎಂಬ ಮಾತು ಮಾತ್ರ ಸುಳ್ಳು. ಭಾರತ ಸರ್ಕಾರವೇ 2019ರಲ್ಲಿ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಎಣಿಕೆ ಮಾಡಿಸಿತು. ಮನೆಯ ಕೆಲಸವನ್ನು ಸಂಬಳವಿಲ್ಲದೆ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಿದ್ದರು. ಅದೂ ಆ ಕೆಲಸಕ್ಕೆ ಕೈಹಾಕುತ್ತಿದ್ದ ಗಂಡಸರ ಲೆಕ್ಕ. ಅಂಥವರು ನೂರಕ್ಕೆ 26 ಮಂದಿ. ಹೆಂಗಸರು ನೂರಕ್ಕೆ 81.

ಒಂದು ಸಣ್ಣ ಲೆಕ್ಕವನ್ನು ಮಾಡೋಣ. 299 ನಿಮಿಷವೆಂದರೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ. ತಿಂಗಳಿಗೆ ಸುಮಾರು 150 ಗಂಟೆ. 2000 ರೂಪಾಯಿಗಳನ್ನು 150ರಿಂದ ಭಾಗಿಸಿದರೆ ಗಂಟೆಗೆ 13 ರೂಪಾಯಿ ಚಿಲ್ಲರೆ ಬರುತ್ತದೆ. ಇಷ್ಟು ಕೂಲಿಗೆ ಯಾವ ಗಂಡಸು ಕೆಲಸಕ್ಕೆ ಬಂದಾನು? ಭಾನುವಾರದ ರಜೆಯಿಲ್ಲ, ನಿವೃತ್ತಿಯಿಲ್ಲ, ಪಿಂಚಣಿಯಿಲ್ಲ. ಐವತ್ತೆಂಟನೆಯೋ ಅರವತ್ತನೆಯೋ ವಯಸ್ಸಿಗೆ ಹಾರ ಹಾಕಿಸಿಕೊಂಡು ಮನೆಗೆ ಬಂದು ಕುಳಿತ ನಮ್ಮಂಥವರು, ನಮ್ಮೊಡನೆಯೇ ಮುದುಕಿಯಾದವಳ ಕೈಯಿಂದ ದಿನಕ್ಕೆ ಮೂರು ಸಲ ಕಾಫಿಯನ್ನು ತೆಗೆದುಕೊಳ್ಳುತ್ತ, ಸೋಮಾರಿತನದ ಮೇಲೆ ಉಪನ್ಯಾಸ ಮಾಡುವುದು ಶೋಭಿಸುವುದಿಲ್ಲ. ಆ ಹಣವನ್ನು ಸರ್ಕಾರವು ದಾನವೆನ್ನುವುದೂ ನಮಗೆ ಒಪ್ಪಿಗೆಯಿಲ್ಲ, ಗೃಹಸ್ಥರು ಭಿಕ್ಷೆಯೆನ್ನುವುದೂ ಒಪ್ಪಿಗೆಯಿಲ್ಲ. ಬಹುಕಾಲದ ಸಾಲದ ಮೇಲೆ ಒಂದಿಷ್ಟು ಬಡ್ಡಿ ಎಂದರೆ ಸತ್ಯಕ್ಕೆ ಹತ್ತಿರವಾದೀತು.

ಆ ವಾರದ ವಿಜ್ಞಾನವಾರ್ತೆ ಇನ್ನೊಂದು ಉಳಿದಿದೆ. 27ರಂದು ಇಸ್ರೋ ಪ್ರಕಟಿಸಿದ ಅಂಕಿಗಳ ಪ್ರಕಾರ, ವಿಕ್ರಮನು ಇಳಿದಲ್ಲಿ ಚಂದ್ರನ ನೆಲದ ಮೇಲೆ 50 ಡಿಗ್ರಿಯಷ್ಟು ಬಿಸಿ. ಕೇವಲ ಎಂಟು ಸೆಂಟಿಮೀಟರು ಆಳದಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಅಲ್ಲಿಯ ಮಣ್ಣು ಶಾಖವನ್ನು ಕೆಳಕ್ಕೆ ಬಿಡುವುದಿಲ್ಲ. ನಮ್ಮ ಸಂಭ್ರಮದ ಬಿಸಿಯೂ ಹಾಗೆಯೇ ಮೇಲುಪದರವನ್ನು ದಾಟಿ ಕೆಳಗೆ ಇಳಿಯದೆ ಇರಬಾರದು.

ಬೈರಬಿಯಿಂದ ಸೈರಂಗಿನ ವರೆಗಿನ 51 ಕಿಲೋಮೀಟರುಗಳ ಆ ರೈಲುಮಾರ್ಗವು 2025ನೆಯ ಸೆಪ್ಟೆಂಬರ್ 13ರಂದು ಉದ್ಘಾಟನೆಯಾಯಿತು. ಐಜ್ವಾಲಿನವರಿಗೆ ರೈಲು ಬಂದುದು ದೊಡ್ಡ ಉಪಕಾರವೇ. ಆ ದಾರಿಯಲ್ಲಿ ಹೋಗುವ ವಾಚಕರು ಕಿಟಕಿಯಿಂದ ಕಣಿವೆಯನ್ನು ನೋಡುವಾಗ, ಸೇತುವೆ ಆಯಿತು ಎನ್ನದೆ, ಮಾಲ್ದಾದವರು ಕಟ್ಟಿದರು ಎಂದು ಒಮ್ಮೆ ನೆನೆಯಬೇಕೆಂದು ಬೇಡುತ್ತೇವೆ.

ಕ್ರಿಯೆಯಲ್ಲಿ ಯಾವನು ಸ್ವತಂತ್ರನೋ ಅವನೇ ಕರ್ತೃವೆಂದು ವೈಯಾಕರಣರು ಹೇಳುತ್ತಾರೆ. ನಾವು ಇದನ್ನು ಮೂವತ್ತು ವರ್ಷ ಪಾಠ ಹೇಳಿದೆವು. ಆದರೂ ಮನೆಯಲ್ಲಿ “ಅಡಿಗೆ ಆಯಿತೇ?” “ಕಾಫಿ ಆಯಿತೇ?” ಎಂದೇ ಕೇಳುತ್ತ ಬಂದೆವು. ಮಳೆ ಆಯಿತು, ಬೆಳಗಾಯಿತು ಎನ್ನುವ ಹಾಗೆ! ಅನ್ನ ಬೇಯಿಸುವುದಕ್ಕೆ ಶಾಸ್ತ್ರಕಾರರು ದೇವದತ್ತನನ್ನೇ ನಿಲ್ಲಿಸಿದ್ದರು. ನಮ್ಮ ಮನೆಯ ದೇವದತ್ತನು ಈಗ ಸಾಯಂಕಾಲದ ಕಾಫಿಯನ್ನು ತಾನೇ ಮಾಡುವುದನ್ನು ಕಲಿಯುತ್ತಿದ್ದಾನೆ. ಡಿಕಾಕ್ಷನ್ ಇನ್ನೂ ನೀರಾಗುತ್ತದೆಂದು ಮನೆಯವರ ಆಕ್ಷೇಪಣೆ. ಇಸ್ರೋದವರ ಹಾಗೆ, ಏನು ಕೆಟ್ಟಿತೆಂದು ನೋಡಿಕೊಂಡು ನಾಳೆ ಮತ್ತೆ ಪ್ರಯತ್ನಿಸುತ್ತೇವೆ.