ಅಂಗಡಿಯಲ್ಲಿ ಕೊಂಡ ಕಸ

ಗಣೇಶನ ಹಬ್ಬ ಕಳೆದು ದಸರೆ ಹತ್ತಿರವಾಯಿತೆಂದರೆ ನಮ್ಮ ಚಿಕ್ಕಬಳ್ಳಾಪುರದ ಫ್ಯಾನ್ಸಿ ಸ್ಟೋರುಗಳ ಮುಂದೆ ತಾಯಂದಿರ ಗುಂಪು ನೆರೆಯುತ್ತದೆ. ಐಸ್‌ಕ್ರೀಂ ಕಡ್ಡಿಯ ಕಟ್ಟು, ಮಿಂಚುಪುಡಿ, ಬಣ್ಣದ ಹಾಳೆ, ಎರಡು ಡಬ್ಬಿ ಗೋಂದು. ಯಾತಕ್ಕೆಂದು ಕೇಳಿ ನೋಡಿ. "ಮಗಳ ಸ್ಕೂಲಲ್ಲಿ ಕಸದಿಂದ ರಸ ಕಾಂಪಿಟೇಷನ್ನು ಮಿಸ್. ಹಬ್ಬಕ್ಕೆ ಅಲಂಕಾರ ಮಾಡ್ಕೊಂಡು ಬರಬೇಕಂತೆ." ಯಾರೂ ತಿನ್ನದ ಐಸ್‌ಕ್ರೀಮಿನ ಕಡ್ಡಿ ಯಾವ ಲೆಕ್ಕದಲ್ಲಿ ಕಸವಾಯಿತೋ ನೀವೇ ಹೇಳಿ. ಗೌರಿಬಿದನೂರಿನಲ್ಲಿ ನಾನು ಕೆಲಸಕ್ಕಿದ್ದಾಗ ಪಕ್ಕದ ಮನೆಯಾಕೆ ಮೂರು ಬಾಟಲಿ ತಂಪುಪಾನೀಯ ಕೊಂಡು ತಂದು ಬಚ್ಚಲಿಗೆ ಸುರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಬೇಕಿದ್ದದ್ದು ಖಾಲಿ ಬಾಟಲಿ!

ನನಗೀಗ ಐವತ್ತಾರು. ನನ್ನ ತವರು ಚಿಂತಾಮಣಿ. ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಿದ್ದರು. ಮೆಟ್ಟಿಲೆಂದರೆ ಅಜ್ಜಿಯ ಟ್ರಂಕು, ಅದರ ಮೇಲೆ ಎಣ್ಣೆ ಡಬ್ಬ, ಮಣೆ, ಹಲಗೆ. ಎಲ್ಲದರ ಮೇಲೂ ಅಪ್ಪನ ಹಳೆಯ ಬಿಳಿ ಪಂಚೆ. ಪಟ್ಟದ ಗೊಂಬೆಗಳಿಗೆ ಅಮ್ಮನ ಹರಿದ ಸೀರೆಯ ಅಂಚಿನ ಉಡುಗೆ. ಕೆಳಗೊಂದು ಪಾರ್ಕು: ತೂತುಬಿದ್ದ ತಟ್ಟೆಯಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲಿದರೆ ನಾಲ್ಕೈದು ದಿನಕ್ಕೆ ಹಸುರು ಹುಲ್ಲುಗಾವಲು, ನಡುವೆ ಒಡೆದ ಕನ್ನಡಿಯ ಕೊಳ. ಒಡೆದ ಗಾಜಿನ ಬಳೆಯ ಚೂರನ್ನು ಬುಡ್ಡಿದೀಪದ ಉರಿಗೆ ಹಿಡಿದು ಬಗ್ಗಿಸಿ, ಕೊಂಡಿಗೆ ಕೊಂಡಿ ಸೇರಿಸಿ, ನನ್ನ ದೊಡ್ಡಮ್ಮ ಬಾಗಿಲುದ್ದದ ತೋರಣ ಮಾಡಿದ್ದರು. ಅವರ ಬೆರಳ ತುದಿಯ ಸುಟ್ಟ ಗುರುತುಗಳೂ ನನಗೆ ನೆನಪಿವೆ. ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ಕಾಸಿಲ್ಲದ್ದರಿಂದ ಅದೆಲ್ಲ ನಡೆಯುತ್ತಿತ್ತು, ಒಲೆಯ ಕೆಲಸ ಮುಗಿಸಿ ಬಂದ ಹೆಂಗಸರ ಮಧ್ಯಾಹ್ನಗಳನ್ನೇ ಅದು ತಿನ್ನುತ್ತಿತ್ತು.

ಆದರೆ ವಿಜಯದಶಮಿಯ ಮಾರನೆಯ ದಿನ ಏನಾಗುತ್ತಿತ್ತು ಗಮನಿಸಿ. ಟ್ರಂಕು ಮಂಚದ ಕೆಳಗೆ, ಡಬ್ಬ ಅಡಿಗೆಮನೆಗೆ, ಪಂಚೆ ಒಗೆದು ಪೆಟ್ಟಿಗೆಗೆ, ರಾಗಿ ಪೈರು ಹಸುವಿನ ಬಾಯಿಗೆ. ತಿಪ್ಪೆಗೆ ಹೋಗುವುದೇನೂ ಉಳಿಯುತ್ತಿರಲಿಲ್ಲ. ಅಲಂಕಾರ ಯಾವುದರಿಂದ ಮಾಡಿದ್ದು ಎಂದು ಕೇಳುವುದಕ್ಕಿಂತ, ಹಬ್ಬದ ಮಾರನೆಯ ದಿನ ಅದು ಎಲ್ಲಿ ಹೋಗುತ್ತದೆ ಎಂದು ಕೇಳಬೇಕು. ನಮ್ಮ ಶಾಲೆಗಳ ಸ್ಪರ್ಧೆಯಲ್ಲಿ ಈ ಪ್ರಶ್ನೆಗೆ ಒಂದು ಅಂಕವೂ ಇಲ್ಲ.

ಇದನ್ನು ದೂರದಲ್ಲಿ ನಿಂತು ಹೇಳುವ ಹಕ್ಕು ನನಗಿಲ್ಲ. 2014ರಲ್ಲಿ ಶಿಡ್ಲಘಟ್ಟದ ಕಡೆಯ ಒಂದು ಶಾಲೆಯಲ್ಲಿ ಇಂಥದೇ ಸ್ಪರ್ಧೆಗೆ ನಾನೇ ತೀರ್ಪುಗಾರ್ತಿ. ಮೊದಲ ಬಹುಮಾನವನ್ನು ಥರ್ಮೋಕೋಲಿನಲ್ಲಿ ಕಡೆದ ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ ಕೊಟ್ಟೆ. ಏನು ಹೊಳಪು, ಏನು ಗೋಪುರ! ಏಳನೇ ತರಗತಿಯ ಹುಡುಗಿಯ ಕೈಲಾಗುವ ಕೆಲಸ ಅದಲ್ಲವೆಂದು ನನಗೆ ಗೊತ್ತಿತ್ತು.

ಸಾಲಿನ ಕೊನೆಯಲ್ಲಿ ಇನ್ನೊಬ್ಬ ಹುಡುಗಿ ರೇಷ್ಮೆ ಗೂಡಿನ ತೋರಣ ಹಿಡಿದು ನಿಂತಿದ್ದಳು. ತಾಯಿ ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ಕೂಲಿಗೆ ಹೋಗುವಾಕೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ: ಒಳ್ಳೆಯ ಗೂಡಿನಲ್ಲಿ ಸಾವಿರ ಮೀಟರಿನವರೆಗೂ ಒಂದೇ ಎಳೆ ಇರುತ್ತದೆ. ನೂಲಿಗಾದರೆ ಒಳಗಿನ ಹುಳವನ್ನು ಸಾಯಿಸಿಯೇ ಆ ಎಳೆ ಬಿಚ್ಚುತ್ತಾರೆ. ಮೊಟ್ಟೆಗಾದರೆ ಚಿಟ್ಟೆಯನ್ನು ಹೊರಬರಲು ಬಿಡಬೇಕು, ಇಲ್ಲವೆ ಗೂಡನ್ನು ಕೊಯ್ದು ಹುಳವನ್ನು ತೆಗೆಯಬೇಕು. ಎಳೆ ತುಂಡಾದ ಆ ಗೂಡು ಬಿಚ್ಚಾಣಿಕೆಗೆ ಬರುವುದಿಲ್ಲ. ಹುಡುಗಿ ತಂದದ್ದು ಅಂಥ ಗೂಡುಗಳನ್ನು. ದ್ವಿತಳಿಯದು ಬಿಳಿ, ಮೈಸೂರು ತಳಿಯದು ಹಸುರು ಬೆರೆತ ಹಳದಿ. ಒಂದು ಬಿಟ್ಟು ಒಂದು ಪೋಣಿಸಿದ್ದಳು. ಬಣ್ಣ ಹಚ್ಚುವ ಗೊಡವೆಯೇ ಇಲ್ಲ. ಪಕ್ಕದಲ್ಲಿ ಒಂದು ಹಳೆಯ ಚಂದ್ರಂಕಿಯ ತುಂಡು, ಹುಳ ಗೂಡು ಕಟ್ಟುವ ಬಿದಿರಿನ ಹೆಣಿಗೆ, ಗೊಂಬೆಗಳ ಹಿಂದೆ ನಿಲ್ಲಿಸುವುದಕ್ಕೆ.

ನಾನು ಏನು ಹೇಳಿದೆ ಗೊತ್ತೇ? "ವಾಸನೆ ಬರುತ್ತೆ, ಸ್ವಲ್ಪ ಆ ಕಡೆ ಇಡಮ್ಮ."

ಗೂಡನ್ನು ಬಿಸಿಲಿಗೆ ಹಾಕಿ ಒಣಗಿಸಿದ್ದರು, ವಾಸನೆ ಇದ್ದರೂ ಅಷ್ಟಕ್ಕಷ್ಟೆ. ನನ್ನ ಮೂಗಿಗೆ ಬಡಿದದ್ದು ಬೇರೆಯೇ ಏನೋ. ಅದೇ ಶಿಡ್ಲಘಟ್ಟದಲ್ಲಿ ಮಂತ್ರಿಗಳು ಬಂದರೆ ನಾವು ರೇಷ್ಮೆ ಗೂಡಿನ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುತ್ತೇವೆ. ಆಗ ಯಾರಿಗೂ ವಾಸನೆ ಬರುವುದಿಲ್ಲ. ಕೂಲಿಯ ಮನೆಯ ಮಗು ಕೈಯಲ್ಲಿ ಹಿಡಿದು ಬಂದಾಗ ಮಾತ್ರ ಬರುತ್ತದೆ. ಹುಡುಗಿ ಏನೂ ಅನ್ನದೆ ತೋರಣವನ್ನು ಚೀಲಕ್ಕೆ ತುರುಕಿಕೊಂಡಳು. ಬಹುಮಾನದ ದೇವಸ್ಥಾನ ನಾಲ್ಕು ದಿನ ಆಫೀಸ್ ರೂಮಿನಲ್ಲಿತ್ತು. ಆಮೇಲೆ ಜವಾನ ಅದನ್ನು ಶಾಲೆಯ ಹಿಂದೆ ಸುಟ್ಟ. ಆ ಕಪ್ಪು ಹೊಗೆ ಐದನೇ ತರಗತಿಯ ಕಿಟಕಿಯೊಳಕ್ಕೆ ಬಂತು.

2016ರಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆ ಥರ್ಮೋಕೋಲಿನ ಪದಾರ್ಥಗಳನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲಿಗೆ ದೇಶಕ್ಕೆಲ್ಲ ನಿಷೇಧ. ಮಕ್ಕಳಿಗೆ ಪರಿಸರದ ಪಾಠ ಹೇಳುವ ನಾವೇ ಅದನ್ನು ಮೇಜಿನ ಮೇಲಿಟ್ಟು ಅಂಕ ಹಾಕುತ್ತಿದ್ದರೆ ಇನ್ನು ಅಂಗಡಿಯವನನ್ನು ಏನೆಂದು ಅನ್ನುವುದು?

"ಮಕ್ಕಳ ಕಲ್ಪನೆ ಬೆಳೆಯುತ್ತೆ ಮೇಡಂ" ಎನ್ನುವವರಿದ್ದಾರೆ. ಯಾವ ಮಕ್ಕಳದು? ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಬಂದು, ನಿದ್ದೆಹೋದ ಮಗುವಿನ ಪಕ್ಕ ಕುಳಿತು ಕಡ್ಡಿ ಅಂಟಿಸುವವಳು ತಾಯಿ. ತಂದೆ ಅಂಟಿಸಿದ್ದನ್ನು ನಾನು ಇಷ್ಟು ವರ್ಷದಲ್ಲಿ ಎರಡು ಮನೆಯಲ್ಲಿ ನೋಡಿರಬಹುದು. ದುಡ್ಡಿಲ್ಲದ ತಾಯಿಗೆ ಅವಮಾನ, ಹೊತ್ತಿಲ್ಲದ ತಾಯಿಗೆ ಪಾಪಪ್ರಜ್ಞೆ, ಎರಡೂ ಇರುವವಳ ಮಗುವಿಗೆ ಕಪ್ಪು. ಮೆಚ್ಚುಗೆ ಮಾತ್ರ ಮಗುವಿನ ಕಲ್ಪನೆಗೆ!

ಅಕ್ಕತಂಗಿಯರೇ, ನಿಮ್ಮ ಶಾಲೆಯಿಂದ ಇಂಥ ಚೀಟಿ ಬಂದರೆ ಅಂಗಡಿಗೆ ಹೋಗಬೇಡಿ. ಮನೆಯಲ್ಲಿರುವ ಹಳೆಯದನ್ನು ಹಾಗೇ ಚೀಲಕ್ಕೆ ಹಾಕಿ ಕಳಿಸಿ: ಗುಂಡಿ ಕಿತ್ತ ಅಂಗಿ, ಮುಚ್ಚಳ ಕಳೆದ ಡಬ್ಬಿ, ಮದುವೆ ಕಾರ್ಡು. ತರಗತಿಯಲ್ಲೇ ಕುಳಿತು, ಟೀಚರ ಎದುರಿಗೆ, ಮಕ್ಕಳೇ ಮಾಡಲಿ. ಸೊಟ್ಟಗಿದ್ದರೆ ಸೊಟ್ಟಗಿರಲಿ. ಕೊಂಡು ತಂದದ್ದು ಒಂದು ತುಣುಕಿದ್ದರೂ ಬಹುಮಾನವಿಲ್ಲ. ಹಬ್ಬವಾದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ಮಗು ಹೇಳಬೇಕು, ಅದಕ್ಕೆ ಅರ್ಧ ಅಂಕ.

ಈ ವರ್ಷದ ಸುತ್ತೋಲೆ ಸಹಿಗೆಂದು ನನ್ನ ಮೇಜಿಗೆ ಬಂದಾಗ ಇಷ್ಟನ್ನೂ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ಓದಿ, "ಇದಕ್ಕೆ ಒಪ್ಪಿದರೆ ಪ್ರದರ್ಶನದ ದಿನ ತೋರಿಸುವುದಕ್ಕೆ ಏನೂ ಇರೋಲ್ಲಮ್ಮ" ಎಂದರು. ಸುತ್ತೋಲೆ ಇನ್ನೂ ನನ್ನ ಮೇಜಿನ ಮೇಲೇ ಇದೆ. ಸಹಿ ಹಾಕಿಲ್ಲ.